ಹಕ್ಕಿ ಫೋಟೋ ತೆಗೆದಾಯಿತು, ಈಗ ಎಲ್ಲಿಗೆ ಕೊಡೋಣ? ಕರಾವಳಿಯ ಕ್ಯಾಮೆರಾದವರಿಗೆ ಒಂದು ಹೋಲಿಕೆ

ಭಾನುವಾರ ಬೆಳಿಗ್ಗೆ ಆರೂವರೆಗೆ ಮಣಿಪಾಲದ ಮಣ್ಣಪಳ್ಳಕ್ಕೆ ಹೋದರೆ ಕ್ಯಾಮೆರಾ ಹಿಡಿದ ನಾಲ್ಕೈದು ಜನ ಸಿಕ್ಕೇ ಸಿಗುತ್ತಾರೆ. ಚಳಿಗಾಲದಲ್ಲಿ ತಣ್ಣೀರುಬಾವಿಗೆ ಕಡಲಕ್ಕಿಗಳು ಬಂದಿಳಿದ ಮೇಲೆ ಅಲ್ಲೂ ಅಷ್ಟೇ. ಫೋಟೋ ಎಲ್ಲರೂ ಚೆನ್ನಾಗಿಯೇ ತೆಗೆಯುತ್ತಾರೆ. ಆಮೇಲೆ ಆ ಫೋಟೋ ಎಲ್ಲಿಗೆ ಹೋಯಿತು ಅಂತ ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ವಾಟ್ಸಾಪ್ ಸ್ಟೇಟಸ್, ಇನ್‌ಸ್ಟಾಗ್ರಾಮ್, ಇಲ್ಲದಿದ್ದರೆ ಹಾರ್ಡ್ ಡಿಸ್ಕ್.

ನಾನೂ ಎಷ್ಟೋ ವರ್ಷ ಅದನ್ನೇ ಮಾಡಿದೆ. ಉಡುಪಿಯಲ್ಲಿ ಕೆಲಸ, ರಜೆ ಸಿಕ್ಕಿದರೆ ಅಳಿವೆ, ಪದವು, ಗದ್ದೆ ಅಂತ ತಿರುಗಾಟ. ಒಂದು ದಿನ ಮಲ್ಪೆಯ ಹತ್ತಿರ ಗರುಡನ ಫೋಟೋ ತೆಗೆಯುತ್ತಾ ಕೂತಿದ್ದಾಗ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಕೇಳಿದರು, "ಇಷ್ಟು ಫೋಟೋ ತೆಗೀತೀರಲ್ಲ ಮಾರಾಯ್ರೆ, ಇದರಿಂದ ಆ ಹಕ್ಕಿಗೆ ಏನು ಸಿಗ್ತದೆ?" ಗೇಲಿ ಮಾಡಲಿಕ್ಕೆ ಕೇಳಿದ್ದಲ್ಲ, ನಿಜವಾಗಿ ತಿಳಿಯಲಿಕ್ಕೆ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಲ್ಲಿಂದೀಚೆಗೆ ಒಂದೊಂದೇ ದಾರಿ ಹಿಡಿದು ನೋಡಿದ್ದೇನೆ. ಈ ಬರಹ ಆ ದಾರಿಗಳ ಹೋಲಿಕೆ. ಯಾವ ಕ್ಯಾಮೆರಾ ಒಳ್ಳೆಯದು, ಯಾವ ಲೆನ್ಸ್ ತಗೊಳ್ಳಬೇಕು ಅನ್ನೋದು ಇಲ್ಲಿಲ್ಲ. ತೆಗೆದ ಫೋಟೋವನ್ನು ಎಲ್ಲಿ ಕೊಟ್ಟರೆ ಏನಾಗುತ್ತದೆ ಅನ್ನೋದು ಮಾತ್ರ ಇದೆ. ನಾನು ಈಗ ಪ್ರತಿ ಫೋಟೋಕ್ಕೂ ಮೊದಲು ಕೇಳಿಕೊಳ್ಳುವುದು ಇಷ್ಟೇ: ಇದನ್ನು ಯಾರು ನೋಡಬೇಕು, ನೋಡಿ ಏನು ಮಾಡಬೇಕು? ಹಕ್ಕಿಗಳ ಲೆಕ್ಕ ಇಡುವವರಾ, ತಹಶೀಲ್ದಾರರಾ, ಊರಿನ ದೇವಸ್ಥಾನದ ಮೊಕ್ತೇಸರರಾ? ಒಬ್ಬೊಬ್ಬರಿಗೆ ಬೇಕಾಗುವ ಫೋಟೋ ಒಂದೊಂದು ಥರ. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಏನೇನೂ ಪ್ರಯೋಜನ ಇಲ್ಲ.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ವಾಟ್ಸಾಪ್

ಇದರ ಬಲ ಏನೆಂದರೆ ವೇಗ. ಬೆಳಿಗ್ಗೆ ತೆಗೆದದ್ದು ಮಧ್ಯಾಹ್ನಕ್ಕೆ ಊರಿಡೀ ಮುಟ್ಟುತ್ತದೆ. ನಮ್ಮ ಮನೆಯ ಹಿಂದೆಯೇ ಇಂಥದ್ದೊಂದು ಜೀವ ಇದೆ ಅಂತ ಜನರಿಗೆ ಗೊತ್ತಾಗುವುದು ಸಣ್ಣ ವಿಷಯ ಅಲ್ಲ. ಆದರೆ ಎರಡು ದಿನ ಕಳೆದರೆ ಆ ಫೋಟೋವನ್ನು ಹುಡುಕಿ ತೆಗೆಯುವವರು ಯಾರೂ ಇಲ್ಲ. ಐದು ವರ್ಷ ಬಿಟ್ಟು ಒಬ್ಬ ಸಂಶೋಧಕ "ಮೂಲ್ಕಿಯ ಶಾಂಭವಿ ನದಿಯ ಹತ್ತಿರ ಈ ಹಕ್ಕಿ ಯಾವಾಗ ಕಂಡಿತ್ತು" ಅಂತ ಹುಡುಕಿದರೆ ನಿಮ್ಮ ಪೋಸ್ಟ್ ಅವನಿಗೆ ಸಿಗುವುದೇ ಇಲ್ಲ. ಫೋಟೋ ಫೈಲಿನೊಳಗೆ ಇರುವ ದಿನಾಂಕ, ಜಿಪಿಎಸ್ ಮಾಹಿತಿಯೂ ಅಲ್ಲಿ ನೋಡುವವರಿಗೆ ಸಿಗುವುದಿಲ್ಲ.

ಇನ್ನೊಂದು ಅಪಾಯ ಇದೆ, ಇದನ್ನು ನಾನು ಸ್ವಂತ ತಪ್ಪಿನಿಂದ ಕಲಿತೆ. ಹೆಬ್ರಿ ಕಡೆ ಒಂದು ಹಳೆಯ ಮರದ ಪೊಟರೆಯಲ್ಲಿ ಮಂಗಟ್ಟೆ ಗೂಡು ಕಂಡಿತ್ತು. ಮಂಗಟ್ಟೆಯ ಹೆಣ್ಣು ಪೊಟರೆಯ ಒಳಗೆ ಕೂತು ಪೊಟರೆಯ ಬಾಯಿಯನ್ನು ಮುಚ್ಚಿಬಿಡುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಗಂಡು ತಂದುಕೊಟ್ಟ ಆಹಾರದ ಮೇಲೆಯೇ ತಾಯಿ, ಮರಿ ಎರಡರ ಬದುಕು. ಮರದ ಬುಡದಲ್ಲಿ ಜನ ನಿಂತರೆ ಗಂಡು ಹತ್ತಿರ ಬರುವುದಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಫೋಟೋದ ಜೊತೆ ಊರಿನ ಹೆಸರು ಹಾಕಿದೆ. ಮುಂದಿನ ಭಾನುವಾರ ಹೋಗಿ ನೋಡಿದರೆ ಮರದ ಕೆಳಗೆ ಎರಡು ಕಾರು, ಏಳೆಂಟು ಜನ, ಟ್ರೈಪಾಡು. ಗಂಡು ದೂರದ ಕೊಂಬೆಯಲ್ಲಿ ಹಣ್ಣು ಕಚ್ಚಿಕೊಂಡು ಕೂತಿತ್ತು. ನಾವು ಅಲ್ಲಿದ್ದಷ್ಟು ಹೊತ್ತೂ ಅದು ಕೆಳಗೆ ಬರಲಿಲ್ಲ. ಮರು ವರ್ಷ ಆ ಮರಕ್ಕೆ ಮಂಗಟ್ಟೆ ಬರಲಿಲ್ಲ. ಅದಕ್ಕೆ ನಾನೇ ಕಾರಣ ಅಂತ ಸಾಧಿಸಿ ತೋರಿಸಲು ಆಗದು, ಆದರೆ ಆ ಹಣ್ಣು ಕಚ್ಚಿಕೊಂಡ ಹಕ್ಕಿ ಈಗಲೂ ಕಣ್ಣ ಮುಂದೆ ಬರುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ: ಇನ್‌ಸ್ಟಾಗ್ರಾಮ್ ಬಿಡಬೇಡಿ, ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಗೂಡು, ಮೊಟ್ಟೆ, ಮರಿ ಹಾಕಲೇಬೇಡಿ. ಜಾಗದ ಹೆಸರು ಬೇಕೇ ಬೇಕು ಅನ್ನಿಸಿದರೆ ಜಿಲ್ಲೆಯ ಹೆಸರು ಸಾಕು. ಮತ್ತೆ ಪೋಸ್ಟನ್ನು ಎರಡು ವಾರ ತಡಮಾಡಿ ಹಾಕಿದರೆ ಯಾರಿಗೂ ಏನೂ ನಷ್ಟ ಇಲ್ಲ, ಅಲ್ವಾ?

ಐನ್ಯಾಚುರಲಿಸ್ಟ್: ಮಸುಕು ಫೋಟೋಕ್ಕೂ ಬೆಲೆ ಇರುವ ಜಾಗ

ಒಂದೇ ದಾರಿ ಹೇಳಿ ಅಂತ ಯಾರಾದರೂ ಪಟ್ಟುಹಿಡಿದರೆ ನಾನು ಇದನ್ನೇ ಹೇಳುತ್ತೇನೆ. 2008ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದ ಜಾಲತಾಣ, ಈಗ ಲಾಭಕ್ಕಲ್ಲದ ಸ್ವತಂತ್ರ ಸಂಸ್ಥೆ. ಹಕ್ಕಿ, ಹಾವು, ಕಪ್ಪೆ, ಚಿಟ್ಟೆ, ಅಣಬೆ, ಹುಲ್ಲು, ಏಡಿ, ಯಾವುದನ್ನಾದರೂ ಹಾಕಬಹುದು. ಬೇಕಾಗಿರುವುದು ಫೋಟೋ ಅಥವಾ ಧ್ವನಿ, ದಿನಾಂಕ, ಜಾಗ. ಹೆಸರು ಗೊತ್ತಿಲ್ಲದಿದ್ದರೂ ತೊಂದರೆ ಇಲ್ಲ, ಬೇರೆಯವರು ನೋಡಿ ಹೇಳುತ್ತಾರೆ. ಹೆಸರಿಸಿದವರಲ್ಲಿ ಮೂರನೇ ಎರಡಕ್ಕಿಂತ ಜಾಸ್ತಿ ಜನ ಒಂದೇ ಜಾತಿ ಅಂತ ಒಪ್ಪಿದರೆ ಅದು ರಿಸರ್ಚ್ ಗ್ರೇಡ್, ಅಂದರೆ ಸಂಶೋಧನೆಗೆ ಬಳಸಬಹುದಾದ ದಾಖಲೆ ಆಗುತ್ತದೆ. ಸರಿಯಾದ ಲೈಸೆನ್ಸ್ ಇದ್ದರೆ ಅಲ್ಲಿಂದ ಜಿಬಿಐಎಫ್ ಅನ್ನುವ ಜಾಗತಿಕ ದತ್ತಾಂಶ ಭಂಡಾರಕ್ಕೆ ತನ್ನಿಂದ ತಾನೇ ಹೋಗುತ್ತದೆ, ಪ್ರಪಂಚದ ಯಾವ ಸಂಶೋಧಕನಿಗೂ ಸಿಗುತ್ತದೆ. ನೆಟ್ಟ ಗಿಡ, ಸಾಕಿದ ಪ್ರಾಣಿ ಹಾಕಿದರೆ ಅದು ಆ ದರ್ಜೆಗೆ ಏರುವುದಿಲ್ಲ.

ಇಲ್ಲಿ ಚಂದಕ್ಕೆ ಬೆಲೆ ಇಲ್ಲ, ಗುರುತಿಗೆ ಬೆಲೆ. ಹಿನ್ನೆಲೆ ಮಸುಕು ಮಾಡಿ, ಬೆಳಕು ಕಾದು ತೆಗೆದ ಒಂದು ಫೋಟೋಕ್ಕಿಂತ ಎಲೆಯ ಮೇಲ್ಭಾಗ, ಕೆಳಭಾಗ, ಹೂವು, ಕಾಂಡ ಅಂತ ಮೊಬೈಲಿನಲ್ಲಿ ತೆಗೆದ ನಾಲ್ಕು ಫೋಟೋ ಹೆಚ್ಚು ಕೆಲಸಕ್ಕೆ ಬರುತ್ತವೆ.

ನಮ್ಮ ಕಡೆಗೆ ಇದು ಯಾಕೆ ಮುಖ್ಯ ಅನ್ನುವುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಒಂದು, ಪದವು. ಮುರಕಲ್ಲಿನ ಆ ಬಯಲು ಬೇಸಿಗೆಯಲ್ಲಿ ಸುಟ್ಟು ಕರಕಲಾದ ಹಾಗೆ ಕಾಣುತ್ತದೆ, ನೋಡಿದವರು ಬಂಜರು ಅಂದುಬಿಡುತ್ತಾರೆ. ಅದೇ ಬಯಲಿಗೆ ಮಳೆಗಾಲದ ಆಟಿ, ಸೋಣ ತಿಂಗಳಲ್ಲಿ ಹೋಗಿ ನೋಡಿ. ಬೆರಳಷ್ಟು ಎತ್ತರದ ಗಿಡಗಳು, ಕೀಟ ಹಿಡಿದು ತಿನ್ನುವ ಡ್ರೊಸೆರಾ, ನೀಲಿ ಹೂವಿನ ಯುಟ್ರಿಕ್ಯುಲೇರಿಯಾ, ಬಂಡೆಯ ಹೊಂಡಗಳಲ್ಲಿ ಗೊದಮೊಟ್ಟೆ. ಮಳೆ ನಿಂತು ಎರಡು ತಿಂಗಳಿಗೆ ಎಲ್ಲ ಮಾಯ. ಯಾವುದೋ ಕಾರ್ಖಾನೆಗೋ ಲೇಔಟಿಗೋ ಜಾಗ ನೋಡಲು ಬರುವವರು ಬೇಸಿಗೆಯಲ್ಲಿ ಬಂದರೆ ಅವರ ವರದಿಯಲ್ಲಿ ಏನೂ ಇರುವುದಿಲ್ಲ. ಆಗ ಕೈಯಲ್ಲಿ ಇರುವುದು ಮಳೆಗಾಲದಲ್ಲಿ ಯಾರೋ ದಿನಾಂಕ, ಜಾಗ ಸಮೇತ ಹಾಕಿಟ್ಟ ದಾಖಲೆ ಮಾತ್ರ.

ಎರಡನೆಯದು ಕಪ್ಪೆ. 2018ರಲ್ಲಿ ವಿಜ್ಞಾನಿಗಳು ಮಂಗಳೂರಿನಿಂದ ಒಂದು ಹೊಸ ಪುಟ್ಟ ಕಪ್ಪೆಯನ್ನು ವಿವರಿಸಿದರು, ಹೆಸರು ಮೈಕ್ರೊಹೈಲಾ ಕೊಡಿಯಾಲ್. ಕೊಡಿಯಾಲ್ ಅಂದರೆ ಕೊಂಕಣಿಯಲ್ಲಿ ಮಂಗಳೂರು. ಸಿಕ್ಕಿದ್ದು ದಟ್ಟ ಕಾಡಿನಲ್ಲಿ ಅಲ್ಲ, ಹಿಂದೆ ಮರದ ದಿಮ್ಮಿ ರಾಶಿಹಾಕುತ್ತಿದ್ದ ಕರಾವಳಿಯ ಕೈಗಾರಿಕಾ ಜಾಗದಲ್ಲಿ. ಅದಕ್ಕೂ ಮೊದಲು 2009ರಲ್ಲಿ ಮಂಗಳೂರು ಕಡೆಯ ಇನ್ನೊಂದು ಕಪ್ಪೆಗೆ ಸೇಂಟ್ ಅಲೋಶಿಯಸ್ ಕಾಲೇಜಿನ ನೆನಪಿಗೆ ಯೂಫ್ಲಿಕ್ಟಿಸ್ ಅಲೋಶಿಯೈ ಅಂತ ಹೆಸರಿಟ್ಟಿದ್ದರು. ಪಟ್ಟಣದ ನಡುವೆಯೇ ಹೀಗೆ ಸಿಗುತ್ತದೆ ಅಂದಮೇಲೆ ನಿಮ್ಮ ಅಂಗಳದ ತೋಡಿನ ಕಪ್ಪೆಯನ್ನು ಸುಮ್ನೆ ಕಪ್ಪೆ ಅಂತ ಬಿಡಬೇಡಿ. ಒಂದು ಕಿವಿಮಾತು: ಈ ಸಣ್ಣ ಕಪ್ಪೆಗಳು ನೋಡಲು ಒಂದರ ಹಾಗೆ ಇನ್ನೊಂದು. ಫೋಟೋದ ಜೊತೆ ಅದರ ಕೂಗನ್ನು ಮೊಬೈಲಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ ಸೇರಿಸಿದರೆ ಗುರುತಿಸುವವರಿಗೆ ಕೆಲಸ ಎಷ್ಟೋ ಸುಲಭ.

ಗುಟ್ಟು ಕಾಪಾಡುವ ವ್ಯವಸ್ಥೆಯೂ ಇಲ್ಲಿ ಚೆನ್ನಾಗಿದೆ. ಜಾಗವನ್ನು ಮರೆಮಾಡು ಅಂತ ಆಯ್ಕೆ ಮಾಡಿದರೆ ನಕ್ಷೆಯಲ್ಲಿ ಸರಿಯಾದ ಬಿಂದು ಕಾಣುವುದಿಲ್ಲ, ಸುಮಾರು 20 ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕೆ ಬೀಳುತ್ತದೆ. ಅಪಾಯದ ಅಂಚಿನಲ್ಲಿರುವ ಎಷ್ಟೋ ಜಾತಿಗಳಿಗೆ ಅದು ತಾನಾಗಿಯೇ ಹಾಗೆ ಮಾಡುತ್ತದೆ. ಅದನ್ನೇ ನಂಬಿ ಕೂರಬೇಡಿ, ನೀವೂ ಒಮ್ಮೆ ನೋಡಿಕೊಳ್ಳಿ. ಕೊರತೆ ಏನಪ್ಪಾ ಅಂದರೆ ಹೆಸರಿಸುವವರು ಎಲ್ಲ ಗುಂಪಿಗೂ ಇಲ್ಲ. ಹಕ್ಕಿ ಹಾಕಿದರೆ ಹತ್ತು ನಿಮಿಷಕ್ಕೆ ಉತ್ತರ ಬಂದದ್ದೂ ಇದೆ, ಜೇಡ ಹಾಕಿ ಎರಡು ವರ್ಷ ಕಾದದ್ದೂ ಇದೆ.

ಕಡಲ ದಂಡೆಯವರಿಗೆ ಇನ್ನೊಂದು ಮಾತು. ಮುಂಬೈಯಲ್ಲಿ 2017ರಿಂದ ಮರೈನ್ ಲೈಫ್ ಆಫ್ ಮುಂಬೈ ಅನ್ನುವ ಗುಂಪಿನವರು ಇಳಿತದ ಹೊತ್ತಿಗೆ ಬಂಡೆಗಳ ಮೇಲೆ ನಡೆದು ಸಿಕ್ಕಿದ ಜೀವಿಗಳನ್ನೆಲ್ಲ ಐನ್ಯಾಚುರಲಿಸ್ಟ್‌ಗೆ ಹಾಕುತ್ತಾ ಬಂದರು. ಅಷ್ಟು ದೊಡ್ಡ ನಗರದ ಅಂಚಿನಲ್ಲಿ ಹವಳ ಇದೆ, ಬಣ್ಣದ, ಚಿಪ್ಪಿಲ್ಲದ ಕಡಲ ಬಸವನಹುಳ ಇದೆ ಅಂತ ಅಲ್ಲಿಯವರಿಗೇ ಆಗ ಗೊತ್ತಾಯಿತು. ನಮ್ಮ ಉಳ್ಳಾಲದ ಹತ್ತಿರದ ಸೋಮೇಶ್ವರದ ಬಂಡೆ, ಸುರತ್ಕಲ್ಲಿನ ಬಂಡೆ, ಕಾಪುವಿನ ಬಂಡೆಗಳಲ್ಲಿ ಇಳಿತದ ಹೊತ್ತಿಗೆ ಕ್ಯಾಮೆರಾ ಹಿಡಿದು ಬಗ್ಗಿ ಕೂತವರನ್ನು ನಾನು ಕಂಡದ್ದು ಬಹಳ ಕಡಿಮೆ. ಅಲ್ಲಿ ಕೆಲಸ ಬೇಕಾದಷ್ಟಿದೆ.

ಈಬರ್ಡ್ ಆದರೆ ಏನು ವ್ಯತ್ಯಾಸ?

ಹಕ್ಕಿ ಮಾತ್ರ ನಿಮ್ಮ ಆಸಕ್ತಿ ಅಂತಾದರೆ ಈಬರ್ಡ್ ಅನ್ನುವ ಜಾಲತಾಣ ಉತ್ತಮ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ 2002ರಲ್ಲಿ ಶುರುಮಾಡಿದ್ದು, ನಮ್ಮ ದೇಶದಲ್ಲಿ ಬರ್ಡ್ ಕೌಂಟ್ ಇಂಡಿಯಾದವರು ನೋಡಿಕೊಳ್ಳುತ್ತಾರೆ. ಐನ್ಯಾಚುರಲಿಸ್ಟ್‌ನಲ್ಲಿ ಒಂದು ಫೋಟೋ ಒಂದು ದಾಖಲೆ. ಈಬರ್ಡ್‌ನಲ್ಲಿ ಪಟ್ಟಿಯೇ ದಾಖಲೆ, ಫೋಟೋ ಅದಕ್ಕೆ ಸಾಕ್ಷಿ. ಅರ್ಧ ಗಂಟೆ ಒಂದು ಜಾಗದಲ್ಲಿ ನಿಂತು ಕಂಡ ಎಲ್ಲ ಹಕ್ಕಿಗಳನ್ನೂ ಎಣಿಸಿ ಹಾಕಬೇಕು, ಕಾಗೆ ಸಮೇತ. ಕಂಡದ್ದೆಲ್ಲ ಬರೆದಿದ್ದೀರಿ ಅಂತ ಗೊತ್ತಿದ್ದರೆ ಮಾತ್ರ ಕಾಣದ್ದು ಯಾವುದು ಅಂತಲೂ ಲೆಕ್ಕ ಹಾಕಬಹುದು. ಹೀಗೆ ವರ್ಷಗಟ್ಟಲೆ ಸೇರಿದ ಪಟ್ಟಿಗಳಿಂದ ಯಾವ ಹಕ್ಕಿ ಕಡಿಮೆಯಾಗುತ್ತಿದೆ ಅಂತ ಕಾಣುತ್ತದೆ.

ಇದು ಬರೀ ಮಾತಲ್ಲ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತದ್ದೇ ಇಂಥ ಪಟ್ಟಿಗಳ ಮೇಲೆ. 30,000ಕ್ಕೂ ಜಾಸ್ತಿ ಹಕ್ಕಿವೀಕ್ಷಕರು ಕೊಟ್ಟ 3 ಕೋಟಿ ದಾಖಲೆಗಳಿಂದ 942 ಜಾತಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ತುರ್ತು ಗಮನ ಬೇಕು ಅಂತ ಅದು ಹೇಳಿತು. ಆ 3 ಕೋಟಿಯಲ್ಲಿ ನಮ್ಮ ನೇತ್ರಾವತಿ ಅಳಿವೆಯ, ಕೋಡಿ ಬೆಂಗ್ರೆಯ ಪಟ್ಟಿಗಳೂ ಇವೆ ಅನ್ನೋದು ನೆನಪಾದರೆ ಬೆಳಿಗ್ಗೆ ಐದಕ್ಕೆ ಏಳುವುದು ಸ್ವಲ್ಪ ಸುಲಭ ಆಗುತ್ತದೆ.

ಫೋಟೋದವರಿಗೆ ಇಲ್ಲಿ ಕಷ್ಟ ಆಗುವುದು ಒಂದೇ ಕಡೆ. ಒಂದು ಹಕ್ಕಿಯ ಹಿಂದೆ ಬಿದ್ದರೆ ಎಣಿಕೆ ತಪ್ಪುತ್ತದೆ, ಎಣಿಸುತ್ತಾ ಕೂತರೆ ಫೋಟೋ ತಪ್ಪುತ್ತದೆ. ನಾನು ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲಿಟ್ಟು ಎಣಿಸುತ್ತೇನೆ, ಆಮೇಲೆ ಫೋಟೋ. ಕಡಲಕ್ಕಿ, ಗೊರವಗಳ ವಿಷಯದಲ್ಲಿ ಮಾತ್ರ ಕ್ಯಾಮೆರಾ ಮೊದಲೇ ಬೇಕು. ಒಂದರ ಹಾಗೆ ಒಂದು ಇರುವ ಆ ಹಕ್ಕಿಗಳಲ್ಲಿ ಅಪರೂಪದ್ದು ಇತ್ತು ಅಂತ ಹಾಕಿದರೆ ಪರಿಶೀಲಕರು ಆಧಾರ ಕೇಳುತ್ತಾರೆ, ದೂರದ ಮಸುಕು ಫೋಟೋ ಆದರೂ ನಡೆಯುತ್ತದೆ.

ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಂತಲೂ ಇದೆ, ನಮ್ಮ ದೇಶದಲ್ಲೇ ಕಟ್ಟಿದ್ದು, ಒಳ್ಳೆಯ ಕೆಲಸ. ಅಲ್ಲಿ, ಐನ್ಯಾಚುರಲಿಸ್ಟ್‌ನಲ್ಲಿ ಎರಡೂ ಕಡೆ ಹಾಕಲು ಪುರುಸೊತ್ತು ಇದ್ದರೆ ಹಾಕಿ. ಇಲ್ಲದಿದ್ದರೆ ಒಂದನ್ನೇ ಬಿಡದೆ ಮಾಡಿ.

ವಿಕಿಮೀಡಿಯಾ ಕಾಮನ್ಸ್

ಯಾರು ಬೇಕಾದರೂ ಬಳಸಬಹುದಾದ ಈ ಫೋಟೋ ಭಂಡಾರವನ್ನು ಫೋಟೋದವರು ಮರೆತೇಬಿಡುತ್ತಾರೆ. ಹಳ್ಳಿಯ ಶಾಲೆಯ ಮಗು ಯಾವುದೋ ಮರದ ಹೆಸರು ಹುಡುಕಿದರೆ ಮೊದಲು ಸಿಗುವುದು ವಿಕಿಪೀಡಿಯಾ ಪುಟ, ಅದರಲ್ಲಿ ಇರುವ ಫೋಟೋ ಕಾಮನ್ಸ್‌ನದು. ಒಮ್ಮೆ ಅಲ್ಲಿ ಹಾಕಿದರೆ ಕನ್ನಡ ವಿಕಿಪೀಡಿಯಾಕ್ಕೂ ಬಳಸಬಹುದು, 2016ರಲ್ಲಿ ಶುರುವಾದ ತುಳು ವಿಕಿಪೀಡಿಯಾಕ್ಕೂ ಬಳಸಬಹುದು, ಜಪಾನಿನವರೂ ಬಳಸಬಹುದು. ಅಲ್ಲಿಗೆ ಹೋಗಬೇಕಾದದ್ದು ಜಾತಿಯನ್ನು ಚೆನ್ನಾಗಿ ತೋರಿಸುವ, ಸ್ಪಷ್ಟವಾದ, ನಿಮ್ಮ ಒಳ್ಳೆಯ ಫೋಟೋ. ಮಸುಕಿನದ್ದಲ್ಲ.

ಲೈಸೆನ್ಸ್ ವಿಷಯದಲ್ಲಿ ಎಚ್ಚರ ಇರಲಿ. ಇಲ್ಲಿ ಹಾಕಿದ್ದನ್ನು ಯಾರು ಬೇಕಾದರೂ ನಿಮ್ಮ ಹೆಸರು ಹೇಳಿ ವ್ಯಾಪಾರಕ್ಕೂ ಬಳಸಬಹುದು, ಕೊಟ್ಟ ಮೇಲೆ ವಾಪಸ್ ತಗೊಳ್ಳಲು ಆಗುವುದಿಲ್ಲ. ಐನ್ಯಾಚುರಲಿಸ್ಟ್‌ನಲ್ಲಿ ವ್ಯಾಪಾರಕ್ಕೆ ಬೇಡ ಅನ್ನುವ ಲೈಸೆನ್ಸ್ ಇಟ್ಟುಕೊಳ್ಳಬಹುದು, ಕಾಮನ್ಸ್‌ನಲ್ಲಿ ಅದಕ್ಕೆ ಅವಕಾಶ ಇಲ್ಲ. ಫೋಟೋ ಮಾರಿ ಜೀವನ ಮಾಡುವವರು ಯೋಚಿಸಿ ಕೊಡಬೇಕು. ನನ್ನ ಹಾಗೆ ಹವ್ಯಾಸಕ್ಕೆ ತೆಗೆಯುವವರು ಧಾರಾಳವಾಗಿ ಕೊಡಬಹುದು.

ದೂರು ಕೊಡಲಿಕ್ಕೆ ಫೋಟೋ

ಇದು ಬೇರೆಯೇ ವಿದ್ಯೆ. ನದಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಡಿದು ಮಣ್ಣು ತುಂಬಿಸುತ್ತಿದ್ದ ಒಂದು ಜಾಗದ ಬಗ್ಗೆ ನಾನು ಮೊದಲ ಸಲ ಅರ್ಜಿ ಕೊಟ್ಟಾಗ ಇಪ್ಪತ್ತು ಫೋಟೋ ಲಗತ್ತಿಸಿದ್ದೆ. ಕಡಿದ ಬೇರು, ಸತ್ತ ಏಡಿ, ಕೆಸರಿನಲ್ಲಿ ಬಿದ್ದ ಬಿಳಲು, ಒಂದೊಂದೂ ನೋಡಿದರೆ ಕರುಳು ಚುರ್ ಅನ್ನಬೇಕು. ಕಡತ ನೋಡಿದ ಅಧಿಕಾರಿ ತಾಳ್ಮೆಯಿಂದಲೇ ಕೇಳಿದರು, "ಇದೆಲ್ಲ ಸರಿ, ಆದರೆ ಇದು ಎಲ್ಲಿ? ಮೊದಲು ಹೇಗಿತ್ತು?" ಇಪ್ಪತ್ತರಲ್ಲಿ ಒಂದರಲ್ಲೂ ಅದಕ್ಕೆ ಉತ್ತರ ಇರಲಿಲ್ಲ.

ದೂರಿಗೆ ಬೇಕಾದದ್ದು ಬದಲಾಗದ ಗುರುತು ಇರುವ ಅಗಲವಾದ ಫೋಟೋ. ಸೇತುವೆ, ವಿದ್ಯುತ್ ಕಂಬ, ಎದುರಿನ ದಡದ ಮಸೀದಿಯ ಮಿನಾರೋ ಚರ್ಚಿನ ಗೋಪುರವೋ ಏನಾದರೂ ಚೌಕಟ್ಟಿನೊಳಗೆ ಇರಬೇಕು. ಅದೇ ಜಾಗದಲ್ಲಿ ನಿಂತು, ಅದೇ ದಿಕ್ಕಿಗೆ, ಬೇರೆ ಬೇರೆ ದಿನ ತೆಗೆದ ಮೂರು ಫೋಟೋ ಇದ್ದರೆ ವಾದವೇ ಬೇಡ. ಮೊಬೈಲಿನಲ್ಲಿ ಲೊಕೇಶನ್ ಆನ್ ಇಟ್ಟುಕೊಳ್ಳಿ. ಮೂಲ ಫೈಲನ್ನು ಹಾಗೇ ಉಳಿಸಿ, ಬಣ್ಣ ತಿದ್ದಬೇಡಿ, ಕತ್ತರಿಸಬೇಡಿ. ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಒಳಗಿನ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ವಿಷಯ ನ್ಯಾಯಾಲಯಕ್ಕೆ ಹೋದರೆ 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಡಿಜಿಟಲ್ ಫೋಟೋದ ಜೊತೆ ಪ್ರಮಾಣಪತ್ರ ಬೇಕು, ಫೈಲ್ ಬದಲಾಗಿಲ್ಲ ಅಂತ ತೋರಿಸುವ ಹ್ಯಾಶ್ ಸಂಖ್ಯೆ ಸಮೇತ. ವಕೀಲರು ಅದನ್ನು ಮಾಡಿಕೊಡುತ್ತಾರೆ, ಆದರೆ ಮೂಲ ಫೈಲ್ ನಿಮ್ಮ ಹತ್ತಿರ ಇದ್ದರೆ ಮಾತ್ರ.

ಕಾನೂನೂ ಒಂದು ಸಾಲು ಗೊತ್ತಿರಲಿ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಕಾಂಡ್ಲಾ ಕಾಡು ಅತ್ಯಂತ ಬಿಗಿಯಾದ ವರ್ಗಕ್ಕೆ ಸೇರುತ್ತದೆ, 1,000 ಚದರ ಮೀಟರಿಗಿಂತ ದೊಡ್ಡದಾದರೆ ಸುತ್ತ 50 ಮೀಟರ್ ಬಫರ್ ವಲಯವೂ ಇದೆ. ಅರ್ಜಿಯಲ್ಲಿ ಇದನ್ನು ಬರೆದು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ. ಆಗಲಿಲ್ಲ ಅಂದರೆ ದಕ್ಷಿಣ ರಾಜ್ಯಗಳಿಗೆ ಚೆನ್ನೈಯಲ್ಲಿ ಹಸಿರು ನ್ಯಾಯಮಂಡಳಿಯ ಪೀಠ ಇದೆ.

ಇದು ನಿಧಾನದ, ಕೆಲವೊಮ್ಮೆ ಅಪಾಯದ ದಾರಿ. ಮರಳು ತೆಗೆಯುವಲ್ಲಿಗೆ ಒಬ್ಬರೇ ಕ್ಯಾಮೆರಾ ಹಿಡಿದು ಹೋಗಬೇಡಿ, ದಯವಿಟ್ಟು. ಆದರೆ ದೊಡ್ಡ ಗೆಲುವು ಬಂದದ್ದೂ ಇದೇ ದಾರಿಯಲ್ಲಿ. ಕುದುರೆಮುಖದ ಗಣಿಯ ಕಬ್ಬಿಣದ ಅದಿರು ಪೈಪಿನಲ್ಲಿ ನಮ್ಮ ಪಣಂಬೂರಿಗೇ ಬರುತ್ತಿತ್ತು, ಹಿರಿಯರಿಗೆ ನೆನಪಿರಬಹುದು. ಗಣಿಯ ಮಣ್ಣು ಭದ್ರಾ ನದಿಯನ್ನು ಏನು ಮಾಡುತ್ತಿದೆ ಅಂತ ಶೇಖರ್ ದತ್ತಾತ್ರಿ 2001ರಲ್ಲಿ ಚಿಕ್ಕ ಸಾಕ್ಷ್ಯಚಿತ್ರ ಮಾಡಿ ತೋರಿಸಿದರು. ಕೋರ್ಟಿನಲ್ಲಿ ಹೋರಾಡಿದವರು ಬೇರೆ, ಕಾಗದಪತ್ರ ಕಲೆಹಾಕಿದವರು ಬೇರೆ, ಚಿತ್ರ ಅವರ ಜೊತೆ ನಿಂತಿತು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಹತ್ತಿರವೂ ಹೀಗೆಯೇ ಆಯಿತು. 2012ರಲ್ಲಿ ವಲಸೆ ಬಂದ ಅಮುರ್ ಫಾಲ್ಕನ್ ಹಕ್ಕಿಗಳನ್ನು ಬಲೆ ಹಾಕಿ ದಿನಕ್ಕೆ ಸಾವಿರಗಟ್ಟಲೆ ಹಿಡಿಯುತ್ತಿದ್ದುದನ್ನು ಕೆಲವರು ಫೋಟೋ, ವಿಡಿಯೋ ಸಮೇತ ಹೊರತಂದರು. ಮರು ವರ್ಷ ಅದೇ ಹಳ್ಳಿಗಳವರು ಬೇಟೆ ಬಿಟ್ಟು ಕಾವಲಿಗೆ ನಿಂತರು. ಫೋಟೋ ತೆಗೆದವರು ಅಲ್ಲಿಗೇ ಬಿಟ್ಟು ಬರಲಿಲ್ಲ, ಹಳ್ಳಿಯವರ ಜೊತೆ ಕೂತು ಮಾತಾಡಿದರು. ಅದನ್ನು ಮರೆಯಬಾರದು.

ಊರಿನವರಿಗೆ ತೋರಿಸುವುದು

ನನಗೆ ತುಂಬಾ ಇಷ್ಟವಾದ ದಾರಿ ಇದು, ಯಾರೂ ಎಣಿಕೆಗೆ ಹಿಡಿಯದ ದಾರಿಯೂ ಹೌದು.

ಕಾರ್ಕಳದ ಕಡೆ ನಮ್ಮ ಕುಟುಂಬದ ಮೂಲ ನಾಗಬನ ಇದೆ. ಆರೇಳು ವರ್ಷದ ಹಿಂದೆ ಜೀರ್ಣೋದ್ಧಾರದ ಮಾತು ಬಂತು. ಜೀರ್ಣೋದ್ಧಾರ ಅಂದರೆ ಈಗ ನಿಮಗೆ ಗೊತ್ತಲ್ಲ, ಮರ ಕಡಿದು, ನೆಲಕ್ಕೆ ಕಾಂಕ್ರೀಟು ಹಾಕಿ, ಟೈಲ್ಸ್ ಕೂರಿಸಿ, ಸುತ್ತ ಗ್ರಿಲ್. ನಾನು ವಾದಕ್ಕೆ ಹೋಗಲಿಲ್ಲ. ಹಿರಿಯರ ಎದುರು ಪರಿಸರದ ಭಾಷಣ ಮಾಡಿದರೆ ಕೆಲಸ ಕೆಡುತ್ತದೆ. ನಾಗನ ತಂಬಿಲ ಪೂಜೆಯ ದಿನ ಊಟ ಆದ ಮೇಲೆ ದೊಡ್ಡಪ್ಪನ ಮನೆಯ ಟಿವಿಗೆ ಪೆನ್‌ಡ್ರೈವ್ ಹಾಕಿ, ಅದೇ ಬನದಲ್ಲಿ ವರ್ಷಗಳಿಂದ ತೆಗೆದಿದ್ದ ಫೋಟೋಗಳನ್ನು ತೋರಿಸಿದೆ. ತೊಲೆಯ ಹಾಗೆ ದಪ್ಪ ಬಳ್ಳಿ, ಹಾರುವ ಓತಿ, ಹಣ್ಣಿಗೆ ಬಂದ ಮಂಗಟ್ಟೆ, ತರಗೆಲೆಯ ನಡುವೆ ಕೆರೆಹಾವು. ರೆಂಜೆ (ಬಕುಳ) ಮರದ ಕೆಳಗೆ ಬಿದ್ದ ಹೂವಿನ ಫೋಟೋ ಬಂದಾಗ ದೊಡ್ಡಮ್ಮ, "ಇದೇ ಮರದಡಿ ನಾವು ಹೂ ಹೆಕ್ಕಿ ಮಾಲೆ ಮಾಡ್ತಿದ್ದದ್ದು" ಅಂದರು. ಆಮೇಲೆ ಮಾತಾಡಿದ್ದು ಅವರೇ, ನಾನಲ್ಲ. ಕೊನೆಗೆ ನಾಗನ ಕಲ್ಲಿನ ಸುತ್ತ ಮಾತ್ರ ಕಟ್ಟೆ ಆಯಿತು. ಎರಡು ಮರ ಹೋದವು. ಉಳಿದದ್ದೆಲ್ಲ ಇದೆ.

ಇನ್‌ಸ್ಟಾಗ್ರಾಮ್‌ನಲ್ಲಿ ಸಾವಿರ ಜನ ನೋಡಿದರೂ ಆ ಬನದ ಬಗ್ಗೆ ತೀರ್ಮಾನ ಮಾಡುವ ಹದಿನೈದು ಜನ ಅದರಲ್ಲಿ ಇರುವುದಿಲ್ಲ. ಅವರು ಇರುವುದು ಆ ಜಗಲಿಯಲ್ಲಿ. ಶಾಲೆಯಲ್ಲೂ ಹೀಗೆಯೇ. ಮಕ್ಕಳಿಗೆ ಪ್ರೊಜೆಕ್ಟರಿಗಿಂತ ಲ್ಯಾಮಿನೇಟ್ ಮಾಡಿದ ಎ-4 ಹಾಳೆ ಒಳ್ಳೆಯದು, ಕೈಯಲ್ಲಿ ಹಿಡಿದು ಹಂಚಿಕೊಂಡು ನೋಡುತ್ತಾರೆ. ಆ ಶಾಲೆಯ ಒಂದು ಕಿಲೋಮೀಟರ್ ಒಳಗೆ ತೆಗೆದ ಫೋಟೋ ಮಾತ್ರ ತಗೊಂಡು ಹೋಗಿ, ಹುಲಿ ಸಿಂಹ ಬೇಡ. ಹೆಸರನ್ನು ಮಕ್ಕಳೇ ಹೇಳಲಿ, ತುಳುವಿನಲ್ಲೋ ಬ್ಯಾರಿಯಲ್ಲೋ ಕುಂದಾಪುರದ ಕನ್ನಡದಲ್ಲೋ. ಆ ಹೆಸರುಗಳನ್ನು ಬರೆದುಕೊಳ್ಳಿ. ಪ್ರತಿ ಗ್ರಾಮ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು ಅಂತ 2002ರ ಜೀವವೈವಿಧ್ಯ ಕಾಯ್ದೆ, ಅದರ ನಿಯಮಗಳು ಹೇಳುತ್ತವೆ. ನಿಮ್ಮ ಫೋಟೋ, ಮಕ್ಕಳು ಹೇಳಿದ ಹೆಸರು ಎರಡೂ ಅಲ್ಲಿಗೆ ಸೇರಬೇಕಾದವು. ಪಂಚಾಯತಿಗೆ ಹೋಗಿ ಆ ಪುಸ್ತಕ ತೋರಿಸಿ ಅಂತ ಕೇಳುವುದೇ ಒಂದು ಒಳ್ಳೆಯ ಕೆಲಸ.

ಸ್ಪರ್ಧೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಹುಮಾನ ಬಂದರೆ ನಿಮ್ಮ ಮಾತಿಗೆ ತೂಕ ಬರುತ್ತದೆ, ನಿಜ. ಆದರೆ ಬಹುಮಾನಕ್ಕಾಗಿ ಕಪ್ಪೆಯನ್ನು ಹಿಡಿದು ತಂದು ಎಲೆಯ ಮೇಲೆ ಕೂರಿಸುವುದು, ಗೂಬೆಗೆ ಇಲಿ ತೋರಿಸಿ ಕರೆಯುವುದು, ಗೂಡಿನ ಎದುರಿನ ಕೊಂಬೆ ಕಡಿಯುವುದು, ಇದನ್ನೆಲ್ಲ ನೋಡಿದ್ದೇನೆ. ಅಂಥ ಫೋಟೋ ಎಲ್ಲಿಗೆ ಕೊಟ್ಟರೂ ಸಂರಕ್ಷಣೆ ಆಗುವುದಿಲ್ಲ.

ನಿಮ್ಮ ಎದುರಿಗೆ ಇದು ಬಂದರೆ

ಕಡಲಾಮೆ ಗೂಡು ಅಥವಾ ಮರಿ ಕಂಡರೆ ಮೊದಲು ಫೋಟೋ ಅಲ್ಲ, ಅರಣ್ಯ ಇಲಾಖೆಯ ಸಹಾಯವಾಣಿ 1926. 2024ರಲ್ಲಿ ತಣ್ಣೀರುಬಾವಿ, ಸಸಿಹಿತ್ಲು ಕಡೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಟ್ಟಾಗ ಇಲಾಖೆಯವರು ಬೇಲಿ ಹಾಕಿ ಕಾವಲಿಟ್ಟರು. ಫ್ಲ್ಯಾಶ್, ಟಾರ್ಚು ಯಾವುದೂ ಬೇಡ. ಬೆಳಕು ಕಂಡರೆ ತಾಯಿ ಮೊಟ್ಟೆ ಇಡದೆ ತಿರುಗಿ ಹೋಗಬಹುದು, ಮರಿಗಳು ಕಡಲು ಅಂತ ತಪ್ಪು ತಿಳಿದು ಬೆಳಕಿನ ಕಡೆಗೆ ಹೋಗುತ್ತವೆ.

ರಸ್ತೆಯಲ್ಲಿ ಸತ್ತ ಪ್ರಾಣಿ ಕಂಡರೆ ಮೂಗು ಮುಚ್ಚಿಕೊಂಡು ಹೋಗಬೇಡಿ. ಗಾಡಿ ಬದಿಗೆ ನಿಲ್ಲಿಸಿ ಒಂದು ಫೋಟೋ ತೆಗೆದು ಐನ್ಯಾಚುರಲಿಸ್ಟ್‌ಗೆ ಹಾಕಿ. ಹೆದ್ದಾರಿಯ ಯಾವ ತಿರುವಿನಲ್ಲಿ ಪುನುಗು ಬೆಕ್ಕುಗಳು ಸಾಯುತ್ತಿವೆ ಅಂತ ಗೊತ್ತಾಗುವುದು ಹೀಗೆಯೇ. ಇನ್‌ಸ್ಟಾಗ್ರಾಮ್‌ಗೆ ಅದು ಬೇಡ.

ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯದೊಳಗೆ, ಕುದುರೆಮುಖದ ಕಾಡಿನೊಳಗೆ ಫೋಟೋ ತೆಗೆಯಲು ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಅನುಮತಿ ಇಲ್ಲದೆ ತೆಗೆದ ಫೋಟೋ ನಾಳೆ ದೂರಿಗೆ ಇಟ್ಟರೆ ಮೊದಲ ಪ್ರಶ್ನೆ ನಿಮಗೇ ಬರುತ್ತದೆ.

ಇನ್ನು ಹಳೆಯ ಫೋಟೋ ರಾಶಿ ಇರುವವರಿಗೆ. ಒಂದೇ ದಿನ ಎಲ್ಲ ಹಾಕುತ್ತೇನೆ ಅಂತ ಹೊರಟರೆ ಮೂರನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ಈಗ ಬದಲಾಗಿ ಹೋಗಿರುವ ಜಾಗಗಳಿಂದ ಶುರುಮಾಡಿ. ಲೇಔಟ್ ಆದ ಗದ್ದೆ, ಮಣ್ಣು ತುಂಬಿಸಿದ ಕುದ್ರು (ನದಿಯ ನಡುಗಡ್ಡೆ), ರಸ್ತೆ ಅಗಲ ಮಾಡುವಾಗ ಹೋದ ಸಾಲುಮರ. ಅಲ್ಲಿ ಏನಿತ್ತು ಅನ್ನುವುದಕ್ಕೆ ನಿಮ್ಮ ಆ ಫೋಲ್ಡರ್ ಬಿಟ್ಟರೆ ಬೇರೆ ಆಧಾರ ಇಲ್ಲದೇ ಇರಬಹುದು. ಕ್ಯಾಮೆರಾದ ಗಡಿಯಾರ ಆಗ ಸರಿ ಇತ್ತಾ ಅಂತ ಒಮ್ಮೆ ಪರೀಕ್ಷಿಸಿ, ಜಾಗವನ್ನು ನಕ್ಷೆಯಲ್ಲಿ ಕೈಯಾರೆ ಗುರುತಿಸಿ, ಖಾತ್ರಿ ಇಲ್ಲದಿದ್ದರೆ ದೊಡ್ಡ ವೃತ್ತ ಹಾಕಿ. ದಿನಕ್ಕೆ ಹತ್ತು ಫೋಟೋ, ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ. ನಾನು ಹಿಂದಿನಿಂದ ಶುರುಮಾಡಿ ಈಗ 2014ರ ಮಳೆಗಾಲಕ್ಕೆ ಬಂದಿದ್ದೇನೆ.